ಸೊನ್ನೆ ಹಾಕಿದ ತಾರೀಖುಗಳು

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ, ಹಾಡಹಗಲು, ನೂರು ಜನರ ಎದುರಿಗೆ, ಬಸ್ಸಿನ ಹಿಂದಿನ ಏಣಿಯ ಮೂರನೇ ಮೆಟ್ಟಿಲು ಯತ್ತಪ್ಪನ ಕಾಲಡಿಯಲ್ಲಿ ಮುರಿದುಬಿತ್ತು. ಮೆಟ್ಟಿಲು ತುಕ್ಕು ಹಿಡಿದು ಎಷ್ಟು ವರ್ಷವಾಗಿತ್ತೋ, ಅದನ್ನು ಯಾರೂ ನೋಡಲಿಲ್ಲ. ನೋಡಿದ್ದು ಕೆಳಗೆ ಅಂಗಾತ ಬಿದ್ದ ಕಂಡಕ್ಟರನ ಹೊಟ್ಟೆಯನ್ನು. ಖಾಕಿ ಅಂಗಿಯ ಎರಡು ಗುಂಡಿ ಹಾರಿಹೋಗಿದ್ದವು. ಕಡಲೇಕಾಯಿ ಮಾರುವ ಮುದುಕಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಡ್ರೈವರ್ ಚಿಕ್ಕನರಸಯ್ಯ ಕೆಳಗಿಳಿದು ಬಂದು, ಮೊದಲು ಏಣಿಯನ್ನು ಸವರಿ ನೋಡಿದ. "ಇದಕ್ಕೇನೂ ಜಾಸ್ತಿ ಏಟಾಗಿಲ್ಲ ಬುಡು" ಅಂದ. ಬಸ್ಸಿನೊಳಗೆ ಕೂತವರೂ ನಕ್ಕರು.

ಯತ್ತಪ್ಪನಿಗೆ ಅವತ್ತು ಆ ನೂರು ಜನರನ್ನೂ ಒಬ್ಬೊಬ್ಬರನ್ನಾಗಿ ಹಿಡಿದು ಬಡಿಯುವಷ್ಟು ಸಿಟ್ಟು ಬಂತು. ಆದರೆ ಏಳಬೇಕಾದರೆ ಅವರಲ್ಲೇ ಇಬ್ಬರು ಕೈ ಕೊಡಬೇಕಾಯಿತು.

ಮಾಲೀಕ ಶಂಕರಲಿಂಗಪ್ಪನಿಗೆ ಸುದ್ದಿ ಮುಟ್ಟುವುದು ತಡವಾಗಲಿಲ್ಲ. ಕೊರಟಗೆರೆಯ ತನ್ನ ಅಂಗಡಿಯ ಜಗಲಿಯ ಮೇಲೆ ಕೂತುಕೊಂಡೇ ಹೇಳಿದ: "ನೋಡು ಯತ್ತಪ್ಪ, ನೀನು ಟಿಕೇಟು ಕೊಡೋಕೆ ಬಂದ್ರೆ ಜನ ಸೀಟು ಬಿಟ್ಟು ಎದ್ದು ನಿಲ್ಲಬೇಕು. ದೀಪಾವಳಿ ತನಕ ನೋಡ್ತೀನಿ. ಮೈ ಕರಗಿಸ್ಕೊಂಡ್ರೆ ಸರಿ. ಇಲ್ಲಾಂದ್ರೆ ಬೇರೆಯೋನ್ನ ಹತ್ತಿಸ್ತೀನಿ."

ಈ ಮೈ ಎಲ್ಲಿಂದ ಬಂತು ಅಂತ ಶಂಕರಲಿಂಗಪ್ಪ ಕೇಳಲಿಲ್ಲ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕುರಿ ಹಿಂದೆ ಹೋದವನು ಯತ್ತಪ್ಪ. ಹತ್ತೊಂಬತ್ತನೇ ವಯಸ್ಸಿನವರೆಗೆ ಅವನ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಆಮೇಲೆ ಬಸ್ಸು ಹತ್ತಿದ. ಬಸ್ಸು ಯಾವ ಹೋಟೆಲಿನ ಮುಂದೆ ನಿಲ್ಲುತ್ತದೋ ಆ ಹೋಟೆಲಿನವರು ಡ್ರೈವರ್ ಕಂಡಕ್ಟರಿಗೆ ಪುಕ್ಕಟೆ ತಿಂಡಿ ಕೊಡುವುದು ಎಲ್ಲ ಲೈನಿನಲ್ಲೂ ಇದ್ದ ಪದ್ಧತಿ. ಬಸ್ಸು ನಾಳೆಯೂ ಅಲ್ಲೇ ನಿಲ್ಲಲಿ ಅಂತ. ಕೊರಟಗೆರೆಯಲ್ಲಿ ಇಡ್ಲಿ, ಮಧುಗಿರಿಯಲ್ಲಿ ದೋಸೆ, ಸಿರಾದಲ್ಲಿ ಊಟ, ವಾಪಸ್ ಬರುತ್ತ ಬೋಂಡಾ, ಕೇಸರಿಭಾತು. ಹಸಿದು ಬೆಳೆದವನ ಮುಂದೆ ಐದು ವರ್ಷ ದಿನಕ್ಕೆ ನಾಲ್ಕು ಸಲ ಬಾಳೆಲೆ ಹಾಸಿದರೆ ಅವನು ಬೇಡ ಅನ್ನುವುದಾದರೂ ಹೇಗೆ? ಚಿಕ್ಕನರಸಯ್ಯನೂ ಅದನ್ನೇ ತಿಂದ. ಅವನು ಮಾತ್ರ ಇವತ್ತಿಗೂ ಜಾಲಿಕಡ್ಡಿಯ ಹಾಗೆ ಇದ್ದ. ಇದು ಯಾವ ನ್ಯಾಯ ಅಂತ ಯತ್ತಪ್ಪ ಬಹಳ ಸಲ ಯೋಚಿಸಿದ್ದ.

ಮಧುಗಿರಿಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದ. ಡಾಕ್ಟರು ಅವನನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ತೊಂಬತ್ನಾಲ್ಕು ಕೇಜಿ. ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು. ರಾತ್ರಿ ಒಂದು ಲೋಟ ಮಜ್ಜಿಗೆ. ಹೋಟೆಲು ಕಡೆ ತಲೆ ಹಾಕಬಾರದು. ಇವನ ಮುಖ ಸಣ್ಣದಾಗಿದ್ದು ನೋಡಿ ಡಾಕ್ಟರು ನಕ್ಕರು.

"ಹದಿನೈದು ದಿನಕ್ಕೊಂದು ದಿನ ಬೇಕಾದ್ದು ತಿನ್ನು. ಆದ್ರೆ ಆ ದಿನ ಯಾವ್ದು ಅಂತ ಈಗ್ಲೇ ಗೊತ್ತುಮಾಡ್ಕೊ. ಆಸೆ ಆದ ದಿನ ಅಲ್ಲ, ಗೊತ್ತುಮಾಡಿದ ದಿನ. ತಿಳೀತಾ?"

ತಿಳಿಯಿತು. ಆದರೆ ಮನೆಯಲ್ಲಿ ಏನು ಹೇಳುವುದು ಅನ್ನುವುದು ಮಾತ್ರ ತಿಳಿಯಲಿಲ್ಲ. ಕೊಳಾಲದ ಹತ್ತಿರದ ಅವರ ಹಟ್ಟಿಯಲ್ಲಿ ಇಪ್ಪತ್ತೆಂಟು ಮನೆ. ಪಕ್ಕದ ಮನೆಯ ಲಕ್ಕಮ್ಮ ಸಂಜೆ ಹೊತ್ತು ಅಂಬಲಿಗೆ ನೀರು ಬೆರೆಸಿ ಬೆರೆಸಿ ಐದು ಜನಕ್ಕೆ ಹಂಚುವುದನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಅಲ್ಲಿ ಹೋಗಿ, ತೆಳ್ಳಗಾಗಬೇಕು, ಅದಕ್ಕೆ ಉಣ್ಣುವುದಿಲ್ಲ ಅಂದರೆ ಮುಖಕ್ಕೆ ಉಗಿಯುತ್ತಾರೆ. ಉಗಿಯಲೇಬೇಕು.

ಅವತ್ತು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಾಗ ಅವನ ತಾಯಿ ಹೊನ್ನಕ್ಕ ಹೊಸ್ತಿಲ ಬಳಿ ಕೂತು ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಸಣ್ಣ ಮೈಯವಳು. ಗಂಡ ಸತ್ತ ಮೇಲೆ ಇನ್ನೂ ಸಣ್ಣಗಾಗಿದ್ದಳು.

"ಕೈ ತೊಳ್ಕೊ, ಮುದ್ದೆ ಬಿಸಿ ಐತೆ."

"ಬ್ಯಾಡ ಕಣವ್ವ. ಇವತ್ನಿಂದ ಒಪ್ಪತ್ತು. ಮಧ್ಯಾನ ಒಂದೊತ್ತು ಮಾತ್ರ ಉಣ್ಣದು. ಮನೆದೇವ್ರಿಗೆ ಹೊತ್ಕಂಡಿವ್ನಿ, ದೀಪಾವಳಿ ಗಂಟ."

ಬಾಯಿಂದ ಅದು ತಾನಾಗಿಯೇ ಬಂದುಬಿಟ್ಟಿತು. ದೇವರ ಹೆಸರು ಹೇಳಿದರೆ ಯಾರೂ ಒತ್ತಾಯ ಮಾಡುವುದಿಲ್ಲ, ಅಷ್ಟೇ ಅವನ ಲೆಕ್ಕಾಚಾರ.

ಹೊನ್ನಕ್ಕ ಅವನನ್ನೇ ನೋಡಿದಳು. "ಯಾತಕ್ಲಾ ಹೊತ್ತಿದ್ದು?"

ಅವನ ಕಣ್ಣು ಅವಳ ಎಣ್ಣೆ ಹತ್ತಿದ ಕೈಯ ಮೇಲೆ ಬಿತ್ತು. "ನಿನ್ನ ಮಂಡಿ ನೋವಿಗೆ" ಅಂದ.

ಹೊನ್ನಕ್ಕ ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟು ಒಳಗೆ ಹೋದಳು. ಒಳಗಿನಿಂದ ಮೂಗು ಏರಿಸುವ ಸದ್ದು ಕೇಳಿತು. ಯತ್ತಪ್ಪ ಚಾಪೆ ಹಾಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ.

ಮಾರನೆಯ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಹದಿನೈದು ದಿನಕ್ಕೊಂದರಂತೆ ಆರು ತಾರೀಖಿಗೆ ಪೆನ್ನಿನಿಂದ ಸೊನ್ನೆ ಸುತ್ತಿದ. ಹೊನ್ನಕ್ಕನಿಗೆ ಓದಲು ಬಾರದು.

"ಇವೇನ್ಲಾ ಸೊನ್ನೆ?"

"ಆ ದಿನ ಒಂದೊತ್ತೂ ಇಲ್ಲ. ಬುತ್ತಿ ಕಟ್ಟಬ್ಯಾಡ. ಪೂರ್ತಿ ಉಪವಾಸ."

ಸಿರಾದಲ್ಲಿ ಹೊಟ್ಟೆ ತುಂಬ ತಿನ್ನುವ ದಿನ ತಾಯಿ ಕಟ್ಟಿಕೊಟ್ಟ ಮುದ್ದೆಯನ್ನು ಏನು ಮಾಡುವುದು? ಬಿಸಾಡುವುದಕ್ಕೆ ಮನಸ್ಸು ಬರುವುದಿಲ್ಲ. ಅದಕ್ಕೇ ಹಾಗೆ ಹೇಳಿದ. ತಾನೇನೋ ದೊಡ್ಡ ಅಪಚಾರ ತಪ್ಪಿಸಿದೆ ಅಂತಲೂ ಅಂದುಕೊಂಡ.

ಸೊನ್ನೆಯ ದಿನ ಬರುವ ತನಕದ ಹದಿನಾಲ್ಕು ದಿನ ಯತ್ತಪ್ಪ ಬೇರೆ ಏನನ್ನೂ ಯೋಚಿಸುತ್ತಿರಲಿಲ್ಲ. ಟಿಕೇಟು ಹರಿಯುತ್ತಲೇ ಯೋಜನೆ. ಮೊದಲು ಸಿರಾದಲ್ಲಿ ಸಾಬರ ಹೋಟೆಲಿನ ಬಿರಿಯಾನಿ. ಅದರ ಜತೆಗೆ ಖೈಮವೋ, ಚಾಪ್ಸೋ? ಖೈಮ ಮೊದಲು ತಿಂದರೆ ಬಿರಿಯಾನಿಗೆ ಜಾಗ ಕಡಿಮೆ. ಚಾಪ್ಸ್ ಆದರೆ ಜತೆಜತೆಗೇ ಹೋಗುತ್ತದೆ. ಬರುತ್ತ ಮಧುಗಿರಿಯಲ್ಲಿ ಎರಡು ಜಾಮೂನು. ಒಂದನ್ನು ಅಲ್ಲೇ, ಒಂದನ್ನು ಬಸ್ಸು ಹೊರಟ ಮೇಲೆ ಎಲೆಯಲ್ಲಿ ಹಿಡಿದುಕೊಂಡು ನಿಧಾನಕ್ಕೆ. ಮೂರು ದಿನ ಹೀಗೆ ಗೊತ್ತುಮಾಡುವುದು, ನಾಲ್ಕನೇ ದಿನ ಎಲ್ಲ ಅಳಿಸಿ ಮತ್ತೆ ಮೊದಲಿಂದ.

ಚಿಕ್ಕನರಸಯ್ಯನಿಗೆ ಮಾತ್ರ ವಿಷಯ ಗೊತ್ತಿತ್ತು. "ಏನ್ಲಾ, ನಿನ್ನ ಹೆಣ್ಣು ನೋಡೋ ದಿನ ಯಾವತ್ತು?" ಅಂತ ಕೇಳುತ್ತಿದ್ದ. "ಮದುವೆಗೂ ಜನ ಇಷ್ಟು ತಾರೀಖು ನೋಡಕ್ಕಿಲ್ಲ ಕಣ್ಲಾ."

ಮೊದಲನೇ ಸೊನ್ನೆ ಶ್ರಾವಣದಲ್ಲೇ ಬಿತ್ತು. ಹಟ್ಟಿಯಲ್ಲಿ ಯಾರೂ ಬಾಡು ಮುಟ್ಟದ ತಿಂಗಳು. ಯತ್ತಪ್ಪ ಹೋಟೆಲಿನ ಹಿಂದಿನ ಪರದೆ ಎಳೆದ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ತಿಂದ. "ಔರ್ ಥೋಡಾ ಹಾಕ್ಲಾ ಭಾಯ್?" ಅಂತ ಸಾಬರು ಕೇಳಿದರೆ ತಲೆ ಎತ್ತದೆ ತಟ್ಟೆ ಮುಂದೆ ತಳ್ಳಿದ. ತಿನ್ನುವಾಗ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಇರಬೇಕು.

ಮನೆಗೆ ಹೋದರೆ ಹಟ್ಟಿಯ ಹೆಂಗಸರ ಕಣ್ಣಲ್ಲಿ ಅವನು ಬೇರೆಯೇ ಮನುಷ್ಯನಾಗಿದ್ದ. ಅವ್ವನ ಮಂಡಿಗೆ ಒಪ್ಪತ್ತು ಹೊತ್ತ ಮಗ. ಹೊನ್ನಕ್ಕನೂ, "ನೋವು ವಸಿ ಕಮ್ಮಿ ಆಗೈತೆ ಕಣ್ಲಾ" ಅನ್ನತೊಡಗಿದ್ದಳು. ಅದನ್ನು ಕೇಳಿದಾಗಲೆಲ್ಲ ಯತ್ತಪ್ಪನಿಗೆ ಅವಳ ಮೇಲೆಯೇ ಸಿಟ್ಟು ಬರುತ್ತಿತ್ತು. ಇಷ್ಟು ಸುಲಭವಾಗಿ ನಂಬುತ್ತಾಳಲ್ಲ ಅಂತ.

ನಾಲ್ಕನೇ ಸೊನ್ನೆಯ ದಿನ ಸಿರಾದಲ್ಲಿ ತಿಂದು, ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದು, ಬಾಯಿಗೆ ಅಡಿಕೆ ಚೂರು ಹಾಕಿಕೊಂಡು ಬಸ್ಸಿಗೆ ಬಂದರೆ, ಮುಂದಿನ ಸೀಟಿನಲ್ಲಿ ಲಕ್ಕಮ್ಮ ಕೂತಿದ್ದಳು. ಸಿರಾದಲ್ಲಿದ್ದ ಮಗಳ ಬಾಣಂತನ ಮುಗಿಸಿ ಹೊರಟಿದ್ದಳು. ಯತ್ತಪ್ಪ ಒಂದು ಹೆಜ್ಜೆ ಹಿಂದೆ ಸರಿದು ನಿಂತು ಟಿಕೇಟು ಹರಿದ.

"ಸೊರಗ್ಬುಟ್ಟಿದ್ದೀಯಲ್ಲೋ ಮಗ" ಅಂದಳು ಲಕ್ಕಮ್ಮ. "ಇವತ್ತು ಪೂರ್ತಿ ಉಪವಾಸದ ದಿನ ಅಲ್ವಾ?"

"ನಿಂಗೆಂಗೆ ಗೊತ್ತು?"

"ನಿಮ್ಮವ್ವ ಹೇಳಿದ್ಲು. ಅವಳೂ ನಿನ್ನ ಜತೇಲೇ ಅಲ್ವೇನ್ಲಾ ಮಾಡ್ತಿರದು. ನನ್ ಮಂಡಿಗೆ ಅಂತ ಮಗ ಹಸ್ಕಂಡು ಇರಬೇಕಾದ್ರೆ ನಾನೆಂಗೆ ಎಲ್ಡೊತ್ತು ಉಣ್ಣಲಿ ಅಂತ ಅವತ್ತೇ ದೇವ್ರ ಮುಂದೆ ಹೇಳ್ಕಂಡ್ಲು. ಸೊನ್ನೆ ಹಾಕಿರೋ ದಿನ ಒಂದ್ ತೊಟ್ಟು ನೀರೂ ಮುಟ್ಟಕ್ಕಿಲ್ಲ ಕಣಪ್ಪ. ನಾನು ಸಿರಾಕ್ಕೆ ಬರೋಕೆ ಮುಂಚೆ ಒಂದಿನ ಬಾವಿಕಟ್ಟೆ ತಾವ ಕಣ್ಣು ಕತ್ಲೆ ಬಂದು ಕುಂತ್ಬುಟ್ಲು. ಬಿಂದಿಗೆ ಒಳಿಕ್ಕೇ ಹೋಯ್ತು. ನಿಂಗೆ ಹೇಳ್ಬ್ಯಾಡ ಅಂದಿದ್ಲು, ನೀನು ನೊಂದ್ಕತೀಯ ಅಂತ."

ಚಿಕ್ಕನರಸಯ್ಯ ಕನ್ನಡಿಯಲ್ಲಿ ಯತ್ತಪ್ಪನ ಮುಖ ನೋಡಿದ. ತಮಾಷೆ ಮಾಡಲಿಲ್ಲ. ಗೇರು ಹಾಕಿ ಬಸ್ಸು ಬಿಟ್ಟ.

ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಟ್ಟು ದೀಪ ಹಚ್ಚುವ ಹೊತ್ತಿಗೆ ಸೇರುವವನು ಯತ್ತಪ್ಪ. ತಾಯಿ ಏನು ಉಂಡಳು, ಉಂಡಳೋ ಇಲ್ಲವೋ, ಅಂತ ಈ ಎರಡು ತಿಂಗಳಲ್ಲಿ ಒಂದು ದಿನವೂ ಕೇಳಿರಲಿಲ್ಲ. ತನ್ನ ಹೊಟ್ಟೆಯ ಮೇಲಿನಿಂದ ಕಣ್ಣು ತೆಗೆದಿದ್ದರೆ ತಾನೆ? ದಾರಿಯುದ್ದಕ್ಕೂ ಬಸ್ಸು ಕುಲುಕಿದಂತೆ ಬಿರಿಯಾನಿ ಗಂಟಲಿಗೆ ಬಂದು ಬಂದು ಹೋಯಿತು. ವಾಂತಿಯಾದರೂ ಆಗಲಿ ಅಂದುಕೊಂಡ. ಆಗಲಿಲ್ಲ. ಮಧುಗಿರಿಯಲ್ಲಿ ಜಾಮೂನಿನ ಅಂಗಡಿಯವನು ಎಲೆ ಹಿಡಿದು ಕರೆದ. ಯತ್ತಪ್ಪ ಫುಟ್‌ಬೋರ್ಡಿನ ಮೇಲೆ ನಿಂತವನು ಕೆಳಗಿಳಿಯದೆ ಸೀಟಿ ಊದಿದ.

ಹೊನ್ನಕ್ಕ ಗೋಡೆಗೆ ಒರಗಿಕೊಂಡು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ತುಟಿ ಒಣಗಿ ಬೆಳ್ಳಗಾಗಿತ್ತು. ಕೊರಳ ಮೂಳೆಯ ಪಕ್ಕ ಒಂದು ಹಿಡಿ ಹುರುಳಿ ನಿಲ್ಲುವಷ್ಟು ಗುಳಿ. ಇದೆಲ್ಲ ಯಾವಾಗ ಆಯಿತು?

"ಅವ್ವ, ನೀರು ಕುಡಿ."

"ನಾಳೆ ಬೆಳಿಗ್ಗೆ ಕುಡೀತೀನಿ. ನೀನು ಮನಿಕೋ ಹೋಗು, ಹಸ್ದಿದ್ದೀಯ."

"ಹಸ್ದಿಲ್ಲ. ನಾನು ತಿಂದಿವ್ನಿ."

ಹೊನ್ನಕ್ಕನ ಬೆರಳು ಮೊರದಲ್ಲಿ ನಿಂತಿತು.

ಯತ್ತಪ್ಪ ಎಲ್ಲವನ್ನೂ ಹೇಳಿದ. ಏಣಿ ಮುರಿದದ್ದು, ಶಂಕರಲಿಂಗಪ್ಪ ಹೇಳಿದ್ದು, ಡಾಕ್ಟರು, ಸೊನ್ನೆಯ ದಿನ ಅಂದರೆ ಯಾವ ದಿನ ಅನ್ನುವುದು. ಹೇಳುತ್ತ ಹೇಳುತ್ತ ದನಿ ಏರಿತು. ಬೈಯುವವನ ಹಾಗೆ ಹೇಳಿದ. "ಹರಕೆ ಅನ್ನೋದೇ ಇರ್ಲಿಲ್ಲ ಕಣವ್ವ. ನಿನ್ ಮಂಡಿ ಅಂತ ನಾನು ಸುಳ್ಳು ಬೊಗಳಿದ್ದು. ನೀನ್ಯಾಕೆ ನನ್ನ ಒಂದ್ ಮಾತು ಕೇಳ್ದೆ ಹೊತ್ಕಂಡೆ?"

ಹೊನ್ನಕ್ಕ ಅಳಲಿಲ್ಲ.

"ಎಷ್ಟು ಸಲ ತಿಂದೆ?"

"ನಾಕು ಸಲ."

"ಬಾಡಾ?"

"ಹೂಂ."

"ಚೆನ್ನಾಗಿತ್ತಾ?"

ಅವಳು ಕುಟುಕಲು ಕೇಳಿರಲಿಲ್ಲ. ಮದುವೆ ಊಟಕ್ಕೆ ಹೋಗಿ ಬಂದ ಮಗನನ್ನು ಕೇಳುವ ಹಾಗೆಯೇ ಕೇಳಿದ್ದಳು. ಯತ್ತಪ್ಪನಿಗೆ ಸುಳ್ಳು ಹೇಳಬೇಕೆನಿಸಿತು. ಇನ್ನೊಂದು ಸುಳ್ಳಿಗೆ ಬಾಯಿ ಬರಲಿಲ್ಲ. "ಚೆನ್ನಾಗಿತ್ತು" ಅಂದ.

"ಸರಿ ಬುಡು" ಅಂದಳು ಹೊನ್ನಕ್ಕ. ಮತ್ತೆ ಹುರುಳಿಯಲ್ಲಿ ಕಲ್ಲು ಹುಡುಕತೊಡಗಿದಳು.

"ಇವತ್ತಿಂದ ನೀನು ಎಲ್ಡೊತ್ತೂ ಉಣ್ಬೇಕು. ಈಗ್ಲೇ ಮಜ್ಜಿಗೆ ಕುಡಿ. ಕುಡೀದಿದ್ರೆ ನಾನು..."

"ಏನ್ ಮಾಡೀಯ?" ಹೊನ್ನಕ್ಕ ತಲೆ ಎತ್ತಿದಳು. "ನೀನು ಹೊತ್ತಿದ್ದು ಸುಳ್ಳಿರಬೈದು. ನಾನು ದೇವ್ರ ಮುಂದೆ ನಿಂತು ಬಾಯಿಬುಟ್ಟು ಹೇಳಿದ್ದು ಸುಳ್ಳಾ? ಅದನ್ನ ವಾಪಸ್ ತಗಳಕ್ಕೆ ಬರಕ್ಕಿಲ್ಲ. ದೀಪಾವಳಿ ಗಂಟ ಅಂದಿವ್ನಿ, ದೀಪಾವಳಿ ಗಂಟ." ದನಿ ತಗ್ಗಿಸಿ ಅಂದಳು: "ಒಂದ್ ಕೆಲ್ಸ ಮಾಡು. ಹಟ್ಟೀಲಿ ಯಾರ್ಗೂ ಹೇಳ್ಬ್ಯಾಡ. ನನ್ ಮಗ ಇಂಗೆ ಅಂತ ಎಲ್ಲಾರ್ತಾವೂ ಹೇಳ್ಕಂಡು ಬಂದಿವ್ನಿ. ನನ್ನ ಮುಖ ಉಳಿಸು."

ಹೇಳಬೇಡ ಅಂದಳಲ್ಲ, ಅದು ಯತ್ತಪ್ಪನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಬಾವಿಕಟ್ಟೆಯ ಮೇಲೆ ನಿಂತು ಕೂಗಿ ಹೇಳಿದ್ದರೆ, ನಾಲ್ಕು ಜನ ಉಗಿದಿದ್ದರೆ, ಅಲ್ಲಿಗೆ ಮುಗಿಯುತ್ತಿತ್ತು. ಈಗ ದಿನಾ ಸಂಜೆ ಲಕ್ಕಮ್ಮ ತನ್ನ ಮಗನಿಗೆ ಬೈಯುತ್ತ, "ಯತ್ತಪ್ಪನ್ನ ನೋಡಿ ಕಲ್ತ್ಕೊಳ್ಳಾ" ಅನ್ನುವುದನ್ನು ಕೇಳಿಸಿಕೊಂಡು ಒಳಗೆ ಹೋಗಬೇಕು. ಕೇಳಿಸಿಕೊಂಡ. ಉಳಿದ ಎರಡು ಸೊನ್ನೆಯ ದಿನ ಸಿರಾದಲ್ಲಿ ಬಸ್ಸಿನಿಂದ ಇಳಿಯಲಿಲ್ಲ. ಡಾಕ್ಟರು ತಿನ್ನು ಅಂದಿದ್ದ ದಿನಗಳೇ ಅವು. ನೀರನ್ನೂ ಕುಡಿಯದೆ ಹಿಂದಿನ ಸೀಟಿನಲ್ಲಿ ಕೂತ. ಸಾಬರ ಹೋಟೆಲಿನ ಹೊಗೆ ಕಿಟಕಿಯೊಳಗೆ ಬಂದರೆ ಗಾಜು ಏರಿಸಿದ. ತಾಯಿ ತನ್ನ ಜತೆ ಮಾತಾಡುತ್ತಿದ್ದಳು, ಬುತ್ತಿ ಕಟ್ಟುತ್ತಿದ್ದಳು, ಎಲ್ಲ ಮೊದಲಿನಂತೆಯೇ. ಮುಖ ನೋಡಿ ಮಾತಾಡುತ್ತಿರಲಿಲ್ಲ, ಅಷ್ಟೇ.

ದೀಪಾವಳಿಗೆ ಯತ್ತಪ್ಪ ಹನ್ನೊಂದು ಕೇಜಿ ಇಳಿದಿದ್ದ. ಶಂಕರಲಿಂಗಪ್ಪ ಕೆಳಗಿನಿಂದ ಮೇಲಿನವರೆಗೆ ನೋಡಿ, "ಹಿಂಗಿರ್ಬೇಕು" ಅಂದ. ಹೊನ್ನಕ್ಕನನ್ನು ಯಾರೂ ತೂಗಲಿಲ್ಲ.

ಒಪ್ಪತ್ತು ಬಿಡುವ ದಿನ ದೇವರಿಗೆ ಎಡೆ ಇಟ್ಟು, ಅದರ ಮೊದಲ ತುತ್ತನ್ನು ಹರಕೆ ಹೊತ್ತವನಿಗೆ ಕೊಡುವುದು ಹಟ್ಟಿಯ ರೂಢಿ. ಆಮೇಲೆಯೇ ಉಳಿದವರು ಉಣ್ಣುವುದು. ಹೆಂಗಸರೆಲ್ಲ ಗುಡಿಯ ಮುಂದೆ ಸೇರಿದ್ದರು. ಪೂಜಾರಿ ಕ್ಯಾತಪ್ಪ, "ಇಬ್ರೂ ಹೊತ್ತವ್ರೇ ಅಲ್ವೇನಮ್ಮ, ಮೊದ್ಲು ಯಾರಿಗೆ?" ಅಂತ ಕೇಳಿದ.

"ಅವ್ವಂಗೆ ಕೊಡಿ" ಅಂದ ಯತ್ತಪ್ಪ.

"ಅದೆಂಗಾಯ್ತದೆ? ಮೊದ್ಲು ಹೊತ್ತೋನು ಅವ್ನು" ಅಂದಳು ಲಕ್ಕಮ್ಮ. ಉಳಿದವರು ಹೌದೌದು ಅಂದರು.

ಹೊನ್ನಕ್ಕ ಎಲೆಯಿಂದ ಅನ್ನ, ಬೆಲ್ಲ, ತುಪ್ಪ ಕಲಸಿ ತುತ್ತು ಮಾಡಿದಳು. ಅವಳ ಕೈಯ ಹಿತ್ತಾಳೆ ಕಡಗ ಮೊಣಕೈಯವರೆಗೆ ಜಾರಿತು. ಮೂರು ತಿಂಗಳು ಒಂದೇ ಹೊತ್ತು ಉಂಡವಳು ಆ ತುತ್ತನ್ನು ಅವನ ಬಾಯಿಯ ಹತ್ತಿರ ತಂದು ಹಿಡಿದಳು. ಎಲ್ಲರೂ ನೋಡುತ್ತಿದ್ದರು. ಯತ್ತಪ್ಪ ಬಾಯಿ ತೆರೆಯಲಿಲ್ಲ.

"ತಗಳ್ಲಾ" ಅಂದಳು ಹೊನ್ನಕ್ಕ, ಅವನಿಗೆ ಮಾತ್ರ ಕೇಳುವ ಹಾಗೆ. "ನೀನು ತಗಂಡ್ರೆ ತಾನೆ ನಾನು ಉಣ್ಣದು."

ಅವನು ಬಾಯಿ ತೆರೆದ.