ಅತ್ತೆಯ ಮಾತು, ನನ್ನ ತರ್ಜುಮೆ

ನೊಣ, ರಾಯಭಾರಿಯ ಕತ್ತುಪಟ್ಟಿಯ ಮೇಲೆ, ಸುಟ್ಟ ಹಂದಿಮರಿಗಳ ಮೇಜಿನಿಂದಲೇ ಎದ್ದು ಬಂದಿರಬೇಕು, ಕಾಲು ಉಜ್ಜುತ್ತಿದೆ, ಥೂ — ಆತ ಮಾತು ನಿಲ್ಲಿಸಿ ನನ್ನತ್ತ ನೋಡುತ್ತಾನೆ, ನಾನು ಬಾಯಿ ತೆರೆಯಬೇಕು, ನಮ್ಮ ಎರಡು ದೇಶಗಳ ಸ್ನೇಹ ಸಾಗರದಷ್ಟು ಆಳ ಅನ್ನುತ್ತೇನೆ ಮೈಕಿನಲ್ಲಿ, ನಮ್ಮ ಟೊಂಗ ದ್ವೀಪದ ಮಾತಿನಲ್ಲಿ, ಸಾಗರವಂತೆ, ಯಾರೆದುರು ಯಾವ ಮಾತು, ಮುಂದಿನ ಸಾಲಿನಲ್ಲೇ ಅಕೊಸೀತ ಅತ್ತೆ ಕೂತಿದ್ದಾಳೆ, ಅದೇ ಸಾಗರ ಅವಳ ಮಗ ಪೌಲನನ್ನು ನುಂಗಿ ಏಳು ವಾರವಾಯಿತು, ಈ ರಾಯಭಾರಿಯ ದೇಶದ ಮೀನು ಹಿಡಿಯುವ ಹಡಗು ಅವನ ದೋಣಿಯನ್ನು ಎಳನೀರಿನ ಬುರುಡೆಯ ಹಾಗೆ ಸೀಳಿ ನಿಲ್ಲದೆ ಹೋಯಿತು, ದೋಣಿಯಲ್ಲಿ ದೀಪವೇ ಇರಲಿಲ್ಲ ಎಂದು ಇವರ ವರದಿ, ಅದನ್ನು ತರ್ಜುಮೆ ಮಾಡಿದವಳೂ ನಾನೇ. ಈಗ ಆತ ಚೀಟಿ ತೆಗೆದು ಸಂತಾಪ ಓದುತ್ತಿದ್ದಾನೆ, ಅಗಲಿದ ಮೀನುಗಾರ — ಅಗಲಿದ, ಯಾವ ಪದ ಹಾಕಲಿ, ನಮ್ಮಲ್ಲಿ ಅರಸ ಸತ್ತರೆ ಒಂದು ಮಾತು, ಸರದಾರ ಸತ್ತರೆ ಇನ್ನೊಂದು, ಪೌಲನಂಥವನು ಸತ್ತರೆ ಹಂದಿ ಸತ್ತಾಗ ಹೇಳುವ ಮಾತೇ, ಅದನ್ನೇ ಹೇಳಿದೆ, ಹೇಳಿ ಮೇಜಿನ ಕಡೆ ನೋಡಿಬಿಟ್ಟೆ.

ಬೆಳಿಗ್ಗೆ ಅತ್ತೆ ಸೂತಕದ ಚಾಪೆ ಸುತ್ತಿಕೊಂಡೇ ಬಂದಿದ್ದಳು, ನಮ್ಮಲ್ಲಿ ಸತ್ತವರ ಮನೆಯವರು ಮೈಗೆ ಸುತ್ತುವಂಥದ್ದು, ಮೊಣಕಾಲಿನಿಂದ ಎದೆಯವರೆಗೆ, ಅಂಚೆಲ್ಲ ಹರಿದು ಜೋತಾಡುವ ಹಳೆಯ ಚಾಪೆ, ನಮ್ಮ ಶಿಷ್ಟಾಚಾರದ ಅಧಿಕಾರಿ ಸೆಮಿಸಿ ಮೂಗು ಮುರಿದ, ಏನಮ್ಮ ಲೊಸಲೀನೆ, ರಾಯಭಾರ ಕಚೇರಿ ಉದ್ಘಾಟನೆ ಇದು, ಫೋಟೋದಲ್ಲಿ ತಿಪ್ಪೆ ಬಂದು ಕೂತ ಹಾಗೆ ಕಾಣತ್ತೆ, ನಿಮ್ಮತ್ತೆ ತಾನೆ, ನೀನೇ ಬಿಚ್ಚಿಸು, ಅವರ ದೇಶದಲ್ಲಿರೋ ನಮ್ಮ ಕಚೇರಿ ಕೆಲಸಕ್ಕೆ ನಿನ್ನ ಹೆಸರೇ ಕಳಿಸಿದೀನಿ, ನೆನಪಿರಲಿ. ನೆನಪಿತ್ತು, ಎಷ್ಟು ಚೆನ್ನಾಗಿ ನೆನಪಿತ್ತು. ಅಪ್ಪನ ಅಕ್ಕ ಅವಳು, ಅಪ್ಪನೇ ಅವಳೆದುರು ದನಿ ಎತ್ತುವುದಿಲ್ಲ, ಅವಳ ಪಕ್ಕ ಕೂರಲೂ ಅಳುಕುವ ನಾನು ಅವಳ ಸೊಂಟದ ಹುರಿ ಬಿಚ್ಚಿದೆ. ಬಿಚ್ಚು ಮಗಳೇ ಅಂದಳು, ಬೈಯಲಿಲ್ಲ, ಬೈಯಬಾರದಿತ್ತೇ, ನಾನು ಹೇಳೋದನ್ನ ಆ ರಾಯಭಾರಿಗೆ ಮುಟ್ಟಿಸ್ತೀಯಲ್ಲ, ಅಷ್ಟು ಸಾಕು. ಮುಟ್ಟಿಸ್ತೀನಿ ಅತ್ತೆ.

ಈಗ ಅವಳು ಎದ್ದಿದ್ದಾಳೆ, ಮೈಕು ಬೇಡವೆಂದು ಕೈ ಬೀಸಿ ಹೇಳುತ್ತಾಳೆ, ದೋಣೀಲಿ ದೀಪ ಇತ್ತು, ಬ್ಯಾಟರಿ ನಾನೇ ಹಾಕಿ ಕಳಿಸಿದ್ದೆ, ನಿಮ್ಮೋರು ನೋಡಿದಾರೆ, ನೋಡೀನೂ ಹೋಗಿದಾರೆ, ನಂಗೆ ನಿಮ್ಮ ಸ್ನೇಹ ಬೇಡ, ನೋಡಿದ್ವಿ ಅಂತ ಒಂದು ಮಾತು ಹೇಳಿ. ಸೆಮಿಸಿ ನನ್ನನ್ನೇ ದುರುಗುಟ್ಟಿ ನೋಡುತ್ತಾನೆ, ರಾಯಭಾರಿ ಕಿವಿ ಕೊಟ್ಟು ಬಾಗಿದ್ದಾನೆ, ಅವರ ಭಾಷೆ ನಮ್ಮವರಲ್ಲಿ ನನಗೊಬ್ಬಳಿಗೇ ಬರುವುದು, ನಾಲಿಗೆ ತಾನೇ ಹೊರಳಿತು, ಎಷ್ಟು ಸಲೀಸಾಗಿ, ಸಿಂಬಳದ ಹುಳದ ಹಾಗೆ ನುಣ್ಣಗೆ, ಈ ತಾಯಿ ತಮ್ಮ ಸ್ನೇಹಕ್ಕೆ ಕೃತಜ್ಞಳು, ಯಾರ ಮೇಲೂ ಹಗೆಯಿಲ್ಲ ಅನ್ನುತ್ತಾಳೆ — ಆತ ನಕ್ಕ. ಹಲ್ಲೆಲ್ಲ ಕಾಣುವಂತೆ ನಕ್ಕ, ಎರಡೂ ಕೈ ಚಾಚಿದ, ಅತ್ತೆ ಕೈ ನೋಡಲಿಲ್ಲ, ಹಲ್ಲು ನೋಡಿದಳು, ಆಮೇಲೆ ನನ್ನನ್ನು, ಅವನು ನಗ್ತಾ ಇದಾನಲ್ಲೇ ಲೊಸಲೀನೆ, ನನ್ನ ಮಗನ ಸುದ್ದಿಗೆ ನಗ್ತಾನಾ, ನೀನೇನಂದೆ ಅವನಿಗೆ — ಏನಂದೆ, ಬಾಯಿ ತುಂಬ ಎಂಜಲು, ನುಂಗಲಾರೆ, ಉಗುಳಲಾರೆ, ಆತ ಇನ್ನೂ ನಗುತ್ತಿದ್ದಾನೆ, ಹಲ್ಲು, ಅತ್ತೆ ನೋಡುತ್ತಲೇ ಇದ್ದಾಳೆ, ಬಿಳಿಯ ಸಾಲು ಹಲ್ಲು, ಹಲ್ಲು