ಹೆತ್ತವಳನ್ನು ಕಂಡರೆ ಚೀರುತ್ತಿದ್ದ ಕೂಸು

ಬುರುಲಾಯ್ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾರಿನ್ ಕಣಿವೆಯ ಆ ಹಳ್ಳಿಯವರೆಲ್ಲ ಬಾಗಿಲಿಗೆ ಬಂದು ಹರಸಿದರು. ಕ್ಷಯ ಅಂತ ಹೋದವಳು ತಿಂಗಳುಗಟ್ಟಲೆ ಅಲ್ಲೇ ಮಾತ್ರೆ ನುಂಗಿಕೊಂಡು ಇದ್ದು ಬದುಕಿ ಬಂದಿದ್ದಳು. ಹೋಗುವಾಗ ಮಗ ತಿಲೆಕ್‌ಗೆ ಇನ್ನೂ ಕತ್ತು ನಿಂತಿರಲಿಲ್ಲ. ಈಗ ಅಂಬೆಗಾಲಿಡುತ್ತಿದ್ದ. ಅವಳು ಎರಡೂ ಕೈ ಚಾಚಿ, "ಬಾರೋ ಕಂದಾ" ಅಂದಳು.

ಅವಳು ಇನ್ನೂ ಹಾಕಿಕೊಂಡಿದ್ದ ಮುಖಗವಸಿನ ಮೇಲಿಂದ ಕಾಣುತ್ತಿದ್ದ ಕಣ್ಣುಗಳನ್ನು ಮಗು ನೋಡಿತು. ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಉಸಿರು ಕಟ್ಟುವಂತೆ ಚೀರಿತು.

ಮೊದಲ ದಿನ ಎಲ್ಲರೂ ನಕ್ಕರು. ಮರುದಿನವೂ ಅದೇ ಆಯಿತು, ಅದರ ಮರುದಿನವೂ. ಆಮೇಲೆ ಯಾರೂ ನಗಲಿಲ್ಲ.

"ಕೂಸುಗಳ ಕಣ್ಣಿಗೆ ನಮಗೆ ಕಾಣದ್ದು ಕಾಣ್ತದೆ ಕಣೇ," ಅಂದಳು ಅತ್ತೆ ಉಮ್ಸುನಾಯ್, ದನಿ ತಗ್ಗಿಸಿ. "ಎಷ್ಟು ಜನ ಸತ್ತ ಮಂಚವೋ ನೀನು ಮಲಗಿದ್ದು. ಅಲ್ಲಿಂದ ಏನೋ ನಿನ್ನ ಬೆನ್ನು ಹತ್ತಿ ಬಂದಿದೆ."

ಕೆಟ್ಟ ಗಾಳಿ ಓಡಿಸಲೆಂದು ಒಣಗಿಸಿಟ್ಟ ಅರ್ಚಾ ಮರದ ಸೊಪ್ಪಿಗೆ ಬೆಂಕಿ ಹಚ್ಚಿ ಸೊಸೆಯ ಸುತ್ತ ಹೊಗೆ ಹಿಡಿದಳು. ಹೊಗೆಗೆ ಬುರುಲಾಯ್ ಕೆಮ್ಮಿದಳು. ಅತ್ತೆ ತಟ್ಟನೆ ಹಿಂದೆ ಸರಿದಳು.

ಅಂದಿನಿಂದ ಬುರುಲಾಯ್‌ಗೆ ತನ್ನ ಬೆನ್ನ ಹಿಂದೆಯೇ ಭಯ. ಹಿಟ್ಟು ನಾದುತ್ತಿದ್ದರೆ ಯಾರೋ ಕತ್ತಿನ ಮೇಲೆ ಉಸಿರು ಬಿಟ್ಟಂತಾಗುತ್ತಿತ್ತು. ಕನ್ನಡಿ ನೋಡುವುದನ್ನೇ ಬಿಟ್ಟಳು. ಮಗು ಅತ್ತಾಗ ತಾನೇ ಕೋಣೆ ಬಿಟ್ಟು ಓಡುತ್ತಿದ್ದಳು.

ಒಂದು ಬೆಳಗ್ಗೆ ಅತ್ತೆ ಫೋನಿನಲ್ಲಿ ಮಗಳು ಅನಾರ್‌ಕಾನ್‌ಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನಿನಗಂತೂ ಮಕ್ಕಳಾಗಿಲ್ಲ. ಬಂದು ತಿಲೆಕ್‌ನ ಕರ್ಕೊಂಡು ಹೋಗು. ಅವನು ಇವಳ ಹತ್ತಿರ ಉಳಿಯಲ್ಲ."

ಗಂಡ ರಷ್ಯಾಕ್ಕೆ ಕೂಲಿಗೆ ಹೋಗಿದ್ದ. ತಲೆಗೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ ಬುರುಲಾಯ್ ಊರಿನ ದವಾಖಾನೆಯ ನರ್ಸ್ ಜೂರಾಳ ಮನೆಗೆ ಓಡಿದಳು.

ಆ ಮಧ್ಯಾಹ್ನ ಚಹಾದ ನೆಪದಲ್ಲಿ ಜೂರಾ ಬಂದಳು. ಉಮ್ಸುನಾಯ್ ಹಾಲು ತರಲು ಹೊರಗೆ ಹೋಗಿದ್ದಳು. ಬುರುಲಾಯ್ ಮಗುವಿನ ಕಣ್ಣಿಗೆ ಬೀಳದಂತೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ತಿಲೆಕ್ ಹಸಿದು ಅಳುತ್ತಿದ್ದ. ಪಡಸಾಲೆಯಲ್ಲಿ ಅಜ್ಜಿಯ ರಬ್ಬರ್ ಬೂಟಿನ ಸದ್ದಾದದ್ದೇ ತಡ, ಅಳು ನಿಂತಿತು. ಬಾಯಿ ಚಪ್ಪರಿಸತೊಡಗಿದ.

"ನೋಡಿದ್ರಾ ಅಪಾ?" ಹಿರಿಯ ಹೆಂಗಸರನ್ನು ಕರೆಯುವ ಹಾಗೆ ಕರೆದು ಜೂರಾ ಒಳಬಂದ ಉಮ್ಸುನಾಯ್‌ಗೆ ಹೇಳಿದಳು. "ಹಾಲು ಇನ್ನೂ ಬಾಯಿಗೆ ಬಿದ್ದಿಲ್ಲ, ಬೂಟಿನ ಸದ್ದಿಗೇ ಸಮಾಧಾನ ಆದ."

"ನನ್ನ ರಕ್ತ ಅಲ್ವಾ. ಗೊತ್ತಾಗುತ್ತೆ ಅವನಿಗೆ."

"ರಕ್ತ ಅಲ್ಲ, ಕಲಿತದ್ದು. ಹಸಿದಾಗ ಈ ಸದ್ದು, ಅದರ ಹಿಂದೆಯೇ ಹಾಲು. ಚಳಿಯಾದಾಗ ನಿಮ್ಮ ಮೈವಾಸನೆ, ಅದರ ಹಿಂದೆಯೇ ಬೆಚ್ಚಗೆ. ದಿನಾ ಎರಡೂ ಜೊತೆಗೇ ಬಂದು ಬಂದು, ಈಗ ನೀವು ಬಂದ್ರೆ ಸಾಕು, ಅವನಿಗೆ ಸುಖ. ಬಕೆಟ್ ಸದ್ದಿಗೆ ನಿಮ್ಮ ಹಸು ತಿರುಗಿ ನೋಡಲ್ವಾ, ಹಾಗೆ."

"ನನ್ನ ಮೊಮ್ಮಗನ್ನ ಹಸು ಮಾಡ್ಬಿಟ್ಯಲ್ಲೇ!"

ಜೂರಾ ನಗುತ್ತಾ ಜೇಬಿನಿಂದ ಮುಖಗವಸು ತೆಗೆದು ಹಾಕಿಕೊಂಡಳು. ತಿಲೆಕ್‌ನ ತುಟಿ ನಡುಗಿತು. ಮರುಕ್ಷಣವೇ ಅದೇ ಚೀರಾಟ, ಬುರುಲಾಯ್‌ಳನ್ನು ಕಂಡಾಗಿನ ಅದೇ ಚೀರಾಟ. ಜೂರಾ ಬೇಗನೆ ಗವಸನ್ನು ಕಿತ್ತಿಟ್ಟಳು.

"ನನ್ನ ಬೆನ್ನ ಹಿಂದೆಯೂ ದೆವ್ವ ಬಂತಾ ಅಪಾ? ಚುಚ್ಚುಮದ್ದು ಕೊಡುವಾಗೆಲ್ಲ ನಾನು ಇದನ್ನ ಹಾಕ್ಕೊಂಡಿದ್ದೆ. ಇದು ಕಂಡ್ರೆ ನೋವು ಬರುತ್ತೆ ಅಂತ ಕಲಿತಿದ್ದಾನೆ. ಹಾಗಂತ ಲಸಿಕೆ ತಪ್ಪಿಸ್ಬೇಡಿ ಮತ್ತೆ, ಕೊಟ್ಟ ಮೇಲೆ ಎದೆಗಪ್ಪಿಕೊಳ್ಳಿ. ಬುರುಲಾಯ್, ಇನ್ನು ಯಾರಿಗೂ ಅಂಟಲ್ಲ, ಗವಸು ಬೇಡ ಅಂತ ಡಾಕ್ಟರ್ ಹೇಳಿಲ್ವಾ?"

"ಹೇಳಿದ್ರು. ಆದ್ರೂ ಭಯ, ಅಕ್ಕಾ."

"ನಿನ್ನ ಭಯ ಅವನ ಭಯ ಆಗಿದೆ. ಗವಸು ತೆಗಿ. ಆದ್ರೆ ಬಲವಂತವಾಗಿ ಎತ್ಕೋಬೇಡ. ಅಪಾ ಹಾಲು ಕುಡಿಸುವಾಗ ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡು. ಆಮೇಲೆ ಬಾಟಲಿಗೆ ನಿನ್ನ ಕೈಯೂ ಸೇರಲಿ. ಆಮೇಲೆ ನೀನೇ ಕುಡಿಸು. ಬರೀ ಹಾಲು ಸಾಲದು. ಅತ್ತಾಗ ಓಡಿಹೋಗ್ಬೇಡ, ಹತ್ತಿರ ಇರು. ಅಪಾ, ನೀವೂ ಒಂದೇ ಸಲ ದೂರ ಆಗ್ಬೇಡಿ. ಅವನಿಗೆ ಗೊತ್ತಿರೋ ಆಸರೆ ನೀವೊಬ್ರೇ."

"ಮಾಡ್ಲಿ ನೋಡೋಣ," ಅಂದಳು ಉಮ್ಸುನಾಯ್. ನಂಬಿಕೆ ಬಂದಿರಲಿಲ್ಲ. ಬಾಗಿಲ ಮೇಲೆ ಕಟ್ಟಿದ್ದ ಅರ್ಚಾ ಸೊಪ್ಪಿನ ಕಂತೆಯನ್ನು ತೆಗೆಯಲೂ ಇಲ್ಲ.

ಬುರುಲಾಯ್ ಗವಸು ತೆಗೆದಿಟ್ಟು, ಜೂರಾ ಹೇಳಿದಂತೆ ಮಾಡಿದಳು. ಮೊದಮೊದಲು ಮಗು ಅಜ್ಜಿಯ ಕಂಕುಳಲ್ಲಿ ಮುಖ ಹುದುಗಿಸುತ್ತಿತ್ತು. ಒಂದು ದಿನ ಬಾಟಲಿ ಹಿಡಿದ ಅವಳ ಬೆರಳನ್ನು ಹಿಡಿದುಕೊಂಡಿತು. ಮರುದಿನ ಮತ್ತೆ ಅತ್ತಿತು. ಆ ದಿನ ಅವಳು ಕೊಟ್ಟಿಗೆಗೆ ಹೋಗಿ, ಹಸುವಿನ ಪಕ್ಕೆಗೆ ಹಣೆಯಿಟ್ಟು ಬಿಕ್ಕಿದಳು. ಮರಳಿ ಬಂದು ಮತ್ತೆ ಪಕ್ಕದಲ್ಲೇ ಕೂತಳು.

ವಸಂತದ ಮೊದಲ ಬಿಸಿಲಿಗೆ ಹಿಮ ಕರಗುತ್ತಿದ್ದಾಗ ಮಗುವನ್ನು ಕರೆದೊಯ್ಯಲು ಅನಾರ್‌ಕಾನ್ ಬಂದಳು. ತಾನೇ ಹೊಲಿದ ಪುಟ್ಟ ಕೌದಿಯೊಂದು ತೋಳಲ್ಲಿತ್ತು. ಬುರುಲಾಯ್ ಮಗುವಿನ ಮೇಲೇ ಕಣ್ಣಿಟ್ಟು ಬಗ್ಗಿಸಿದ ಚಹಾ ಮೇಜುಬಟ್ಟೆಯ ಮೇಲೆ ಚೆಲ್ಲಿತು. ಅತ್ತೆ ಕೊಟ್ಟಿಗೆಯಲ್ಲಿದ್ದಳು. ತಿಲೆಕ್ ಅನಾರ್‌ಕಾನ್‌ಳ ಕಾಲ ಬಳಿ ಚಮಚೆ ಹಿಡಿದು ಆಡುತ್ತಿದ್ದ.

ಆಗಲೇ ತಗಡಿನ ಮಾಡಿನ ಮೇಲಿದ್ದ ಹಿಮವೆಲ್ಲ ಒಟ್ಟಿಗೆ ಜಾರಿ ಅಂಗಳಕ್ಕೆ ಬಿತ್ತು. ಮನೆಯೇ ಕುಸಿದಂಥ ಸದ್ದು. ಕಿಟಕಿ ಅದುರಿತು, ಒಳಗೆ ಕತ್ತಲು ಕವಿಯಿತು. ಮಗು ಕಿಟಾರನೆ ಕಿರುಚಿತು.

"ಬಾ ಬಾ, ನನ್ನ ಹತ್ತಿರ ಬಾ!" ಅನಾರ್‌ಕಾನ್ ಕೈ ಚಾಚಿದಳು.

ತಿಲೆಕ್ ಆ ಕೈಗಳನ್ನು ದಾಟಿ, ಅಳುತ್ತಲೇ ಅಂಬೆಗಾಲಿಟ್ಟು ಬಂದ. ಬುರುಲಾಯ್‌ಳ ಲಂಗ ಹಿಡಿದು ಮೇಲೇಳಲು ನೋಡಿದ. ಅವಳು ಎತ್ತಿಕೊಂಡಳು. ಅವನು ಅವಳ ಕತ್ತಿಗೆ ಮುಖವೊತ್ತಿ, ಗಟ್ಟಿಯಾಗಿ ತಬ್ಬಿಕೊಂಡು, ನಿಧಾನವಾಗಿ ಅಳು ನಿಲ್ಲಿಸಿದ.

ಏದುಸಿರು ಬಿಡುತ್ತಾ ಓಡಿಬಂದ ಉಮ್ಸುನಾಯ್ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅನಾರ್," ಅಂದಳು, "ನನ್ನ ತಪ್ಪು ಮಗಳೇ, ನಿನಗೆ ಸುಮ್ಮನೆ ಆಸೆ ಹುಟ್ಟಿಸಿದೆ. ಇವನ ತಾಯಿ ಇಲ್ಲೇ ಇದ್ದಾಳೆ."

ಅನಾರ್‌ಕಾನ್ ಕಣ್ಣೊರೆಸಿಕೊಂಡಳು. ಎದ್ದು ಬಂದು, ಹೆದರಿ ನಡುಗುತ್ತಿದ್ದ ಸೋದರಳಿಯನ ಬೆನ್ನಿಗೆ ಆ ಕೌದಿ ಹೊದಿಸಿದಳು.

ತಾಯಂದಿರೇ, ಅಪ್ಪಂದಿರೇ, ಕಾಯಿಲೆಯಿಂದಲೋ ಕೆಲಸದಿಂದಲೋ ಕೂಸನ್ನು ಬಿಟ್ಟು ದೂರ ಇರಬೇಕಾಯಿತೇ? ಮರಳಿ ಬಂದಾಗ ನಿಮ್ಮನ್ನು ಕಂಡು ಅತ್ತರೆ ಎದೆಗೆಡಬೇಡಿ, ಗಾಳಿ ಸೋಕಿದೆ ಅಂತ ಹೆದರಬೇಡಿ. ಮಗು ನಿಮ್ಮನ್ನು ದೂರ ಮಾಡಿಲ್ಲ, ಇನ್ನೂ ಕಲಿತಿಲ್ಲ ಅಷ್ಟೆ. ಹಸಿದಾಗ ನೀವೇ ಉಣಿಸಿ, ಬೆದರಿದಾಗ ನೀವೇ ಹತ್ತಿರವಿರಿ. ಸಾಕಿದವರನ್ನೂ ಜೊತೆಗಿಟ್ಟುಕೊಳ್ಳಿ. ಅನುಮಾನ ಬಂದರೆ ನಿಮ್ಮೂರಿನ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಇವತ್ತಿನ ಮುಂದಿನ ತುತ್ತನ್ನು ನಿಮ್ಮ ಕೈಯಿಂದಲೇ ಕೊಡಿ.