‘ಇಂಗಿಹ್’ ಅಂದರೆ ಒಪ್ಪಿದೆ ಎಂದಲ್ಲ

ತುಮಿರಾ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಬೆಳಿಗ್ಗೆ ಅರ್ಧ ಲೋಟ ಚಹಾ. ಆಮೇಲೆ ಮನೆಗೆ ಬರುವ ತನಕ ಗಂಟಲು ಒಣಗಿಸಿಕೊಂಡೇ ಇರುವುದು. ಜಾವಾದ ಸಾಲಾತಿಗಾ ಪಟ್ಟಣದ ಬೂಟಿನ ಕಾರ್ಖಾನೆಯಲ್ಲಿ ಅವಳದು ತಳದ ಅಟ್ಟೆಗೆ ಅಂಟು ಬಳಿಯುವ ಕೆಲಸ. ಪಕ್ಕದಲ್ಲಿ ಆ ಅಟ್ಟೆಯನ್ನು ಬೂಟಿಗೆ ಒತ್ತುವವಳು ಒಬ್ಬಳಿದ್ದಳು. ಅವಳನ್ನು ತೆಗೆದುಹಾಕಿ ಎರಡೂ ಕೆಲಸವನ್ನು ಇವಳ ತಲೆಗೇ ಕಟ್ಟಿದರು. ಇವಳು ಎದ್ದರೆ ಇಡೀ ಸಾಲು ನಿಲ್ಲುತ್ತದೆ. ಹಾಗಿರುವಾಗ ಶೌಚಕ್ಕೆ ಹೋಗುವುದಾದರೂ ಯಾವಾಗ?

ಒಂದು ಸಂಜೆ ಉರಿಮೂತ್ರ, ಚಳಿಜ್ವರ ಹಿಡಿದು ಮಲಗಿಬಿಟ್ಟಳು. ಊರಿನ ಆರೋಗ್ಯ ಕಾರ್ಯಕರ್ತೆ ಪಾರ್ತಿನಿ ಆಸ್ಪತ್ರೆಗೆ ಕರೆದೊಯ್ದು ಔಷಧಿ ಕೊಡಿಸಿ ತಂದಳು.

“ನೀರು ಕುಡೀದೇ ಇದ್ರೆ ಇದು ಮತ್ತೆ ಬರುತ್ತೆ. ಮೂತ್ರಪಿಂಡಕ್ಕೇ ಏರುತ್ತೆ.”

“ಜಾಗ ಬಿಟ್ಟು ಏಳೋಕಾಗಲ್ಲಕ್ಕ.”

“ಇಬ್ಬರ ಕೆಲಸ ಒಬ್ಬಳಿಗೆ ಹೊರಿಸಿದಾಗ ಏನಂದೆ?”

“ಇಂಗಿಹ್ ಅಂದೆ.”

ಜಾವಾದಲ್ಲಿ ದೊಡ್ಡವರ ಮಾತಿಗೆ ‘ಇಂಗಿಹ್’ ಅನ್ನದವರುಂಟೇ? ಒಪ್ಪಿದರೂ ಇಂಗಿಹ್, ‘ಹೌದು’ ಎಂದು. ಒಪ್ಪದಿದ್ದರೂ ಇಂಗಿಹ್, ‘ನಿಮ್ಮ ಮಾತು ಕಿವಿಗೆ ಬಿತ್ತು’ ಎಂದು. ಕೇಳುವವರು ತಮಗೆ ಬೇಕಾದ ಅರ್ಥವನ್ನೇ ಇಟ್ಟುಕೊಳ್ಳುತ್ತಾರೆ.

ಗಂಡ ಸರ್ಜೋನೊ ಅಡ್ಡಬಾಯಿ ಹಾಕಿದ. “ಸುಮ್ನಿರಕ್ಕ. ಮೇಸ್ತ್ರಿಗೆ ಎದುರಾಡಿದ್ರೆ ಕೆಲಸ ಹೋಗುತ್ತೆ.”

“ಹೆಂಡ್ತಿ ಹೋದ್ರೆ ಪರವಾಗಿಲ್ವಾ?” ಪಾರ್ತಿನಿಗೆ ಸಿಟ್ಟು ನೆತ್ತಿಗೇರಿತು. “ಎದುರಾಡು ಅಂದ್ನಾ ನಾನು? ಬೇಡ ಅನ್ನೋದಕ್ಕೂ ನಮ್ಮಲ್ಲಿ ಮರ್ಯಾದೆಯ ಮಾತಿದೆ, ‘ಬೋತೆನ್’ ಅಂತ. ಅತ್ತೆ ಇನ್ನೊಂದು ಹಿಡಿ ಅನ್ನ ಬಡಿಸೋಕೆ ಬಂದ್ರೆ ಅಂತೀಯಲ್ಲ, ಅದೇ. ಒಬ್ಬಳೇ ಹೋಗ್ಬೇಡ ತುಮಿರಾ, ಸಾಲಿನವರನ್ನೆಲ್ಲ ಕರ್ಕೊಂಡು ಹೋಗು.”

ಹುಷಾರಾದ ಮೇಲೆ ತುಮಿರಾ ಹಾಗೇ ಮಾಡಿದಳು. ಮೇಸ್ತ್ರಿ ಸುಗೆಂಗ್ ಹುಬ್ಬೇರಿಸಿದ. “ಆವತ್ತು ಇಂಗಿಹ್ ಅಂದಿದ್ಯಲ್ಲಮ್ಮ?”

“ಕೇಳಿಸ್ತು ಅಂತ ಅಂದೆ, ಅಣ್ಣ. ಆಗುತ್ತೆ ಅಂತ ಅಲ್ಲ. ಬೋತೆನ್. ನನ್ನ ಮುಂದೆ ಅಟ್ಟೆ ಗುಡ್ಡೆ ಬಿದ್ದಿದೆ, ನನ್ನ ಆಚೆಗಿರೋರು ಕೆಲಸ ಬರದೆ ಕೈ ಕಟ್ಟಿ ಕೂತಿರ್ತಾರೆ. ನೀವೇ ನೋಡಿ.”

ಸುಗೆಂಗ್ ನೋಡಿದ. ಅವನ ದನಿ ಇಳಿಯಿತು. “ಒಬ್ಬರನ್ನ ಕಡಿಮೆ ಮಾಡಬಹುದಾ ಅಂತ ಮೇಲಿನವರು ಕೇಳಿದ್ರು. ನಾನೂ ಇಂಗಿಹ್ ಅಂದ್ಬಿಟ್ಟೆ.”

ಹೇಗಿದೆ ನೋಡಿ! ಮೇಸ್ತ್ರಿಯೂ ಒಪ್ಪಿರಲಿಲ್ಲ, ತುಮಿರಾಳೂ ಒಪ್ಪಿರಲಿಲ್ಲ. ಮೇಲಿನವರು ಇವರ ಸಂಕೋಚವನ್ನೇ ಒಪ್ಪಿಗೆ ಮಾಡಿಕೊಂಡು ಒಂದು ಹೆಣ್ಣುಜೀವವನ್ನು ಹಾಸಿಗೆಗೆ ಕೆಡವಿದರು. ಇದಕ್ಕೆ ಉಳಿತಾಯ ಅಂತ ಹೆಸರು ಬೇರೆ.

ಸುಗೆಂಗ್ ಸಾಲಿನವರನ್ನೆಲ್ಲ ಕರೆದುಕೊಂಡೇ ಮೇಲಿನ ಸಾಹೇಬರ ಹತ್ತಿರ ಹೋದ. ಈ ಸಲ ಅವನೂ ಬೋತೆನ್ ಅಂದ. ಸಾಹೇಬರು ಮುಖ ಗಂಟಿಕ್ಕಿದರು, ಕೆಳಗೆ ಬಂದು ಆ ಗುಡ್ಡೆಯನ್ನು ನೋಡಿದರು. ಕೊನೆಗೆ ಅಟ್ಟೆ ಒತ್ತುವವಳು ಹಿಂದಕ್ಕೆ ಬಂದಳು. ಎಲ್ಲ ಕೆಲಸ ಬಲ್ಲ ಇನ್ನೊಬ್ಬಳನ್ನು ಬದಲಿಗೆಂದೇ ಇಟ್ಟರು; ಯಾರು ಎದ್ದರೂ ಅವಳು ಆ ಜಾಗಕ್ಕೆ ಕೂರುತ್ತಾಳೆ. ಗುಡ್ಡೆ ಕರಗಿತು, ಬೂಟುಗಳು ಮೊದಲಿಗಿಂತ ಬೇಗ ಹೊರಬಿದ್ದವು.

ಈಗ ಬೆಳಿಗ್ಗೆ ನೀರಿನ ಬಾಟಲಿ ತುಂಬಿಕೊಡುವವನು ಸರ್ಜೋನೊನೇ. “ಖಾಲಿ ಮಾಡ್ಕೊಂಡು ಬಾ” ಅನ್ನುತ್ತಾನೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ‘ಹೂಂ ಸಾರ್’ ಅನ್ನುವುದರಲ್ಲಿ ನಾವೇನು ಕಡಿಮೆಯೇ? ನಿಮ್ಮ ಸಾಲಿನಲ್ಲಿ ಕೆಲಸ ಎಲ್ಲಿ ಗುಡ್ಡೆ ಬೀಳುತ್ತಿದೆ, ನೋಡಿ. ಅಲ್ಲಿ ಇನ್ನೊಂದು ಕೈ ಬೇಕೆಂದು ಎಲ್ಲರೂ ಸೇರಿ ಕೇಳಿ. ಮೇಸ್ತ್ರಿಗಳೇ, ‘ಹೂಂ’ ಕೇಳಿಸಿದ ಕೂಡಲೇ ಹೊರಟುಬಿಡಬೇಡಿ; ನಿಮ್ಮ ಸಾಲಿನಲ್ಲಿ ಇವತ್ತು ಯಾರು ನೀರು ಕುಡಿದಿಲ್ಲ, ಅದನ್ನು ಕೇಳಿ.